ನೆಲದ ಸೆರಗು

ನನ್ನ ಡೈರಿಯ ಪ್ರಕಾರ ನಮ್ಮ ಕಚೇರಿಯ ಕಾಕಾ ನನಗೆ ಒಟ್ಟು ಹನ್ನೊಂದು ಸಲ ಬೈದಿದ್ದಾರೆ. ಅದರಲ್ಲಿ ಎರಡು ಸಲ, ಅವರ ಛತ್ರಿಯನ್ನು ಎರವಲು ಪಡೆದು ಬಸ್ಸಿನಲ್ಲಿ ಬಿಟ್ಟುಬಂದದ್ದಕ್ಕೆ. (ಒಂದೇ ಛತ್ರಿ, ಎರಡು ಬಸ್ಸು.) ಉಳಿದ ಒಂಬತ್ತು ಸಲವೂ ಒಂದೇ ಪದಕ್ಕೆ. ಆ ಪದ 'ಮೇಲಿನಂತೆ'.

ಸರಕಾರಿ ರಜಿಸ್ಟರು ಬರೆದವರಿಗೆಲ್ಲ ಇದು ಗೊತ್ತಿರುವ ಪದ. ನಿನ್ನೆಯ ಸಾಲಿನಲ್ಲಿದ್ದ ಅಂಕಿಯೇ ಇಂದೂ ಬಂದರೆ, ಅಥವಾ ಬಂದಿರಬಹುದು ಎಂದು ಅನ್ನಿಸಿದರೆ, ಕೆಳಗೆ 'ಮೇಲಿನಂತೆ' ಎಂದು ಬರೆದು ಪೆನ್ನು ಮುಚ್ಚಬಹುದು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಮೂರು ಕಡೆ ಹಾಗೆ ಬರೆದಿದ್ದೆ. ಅವರು ನನ್ನ ರಜಿಸ್ಟರನ್ನು ನನ್ನ ಕಡೆಗೇ ತಿರುಗಿಸಿ, ಆ ಪದದ ಮೇಲೆ ಬೆರಳಿಟ್ಟು ಕೇಳಿದರು: "ಯವ್ವಾ, ನಿನ್ನಿ ಹರದ ನೀರು ಇವತ್ತ ತಿರುಗಿ ಬಂದಿತ್ತೇನು?"

"ಇಲ್ರಿ ಕಾಕಾ. ಆದ್ರ ತೂಕ ಅಷ್ಟ ಬಂತ್ರಿ."

"ಅಷ್ಟ ಬಂದ್ರ ಅಷ್ಟ ಬರಿ. ಅಂಕಿ ಬರಿ. ಹೊಳಿಗೆ 'ಮೇಲಿನಂತೆ' ಅನ್ನೂದು ಗೊತ್ತಿಲ್ಲ. ಅದಕ್ಕ ಗೊತ್ತಿರೂದು ಬರೇ ಕೆಳಗ ಹೋಗೂದು."

ಹೀಗೆ ಬೈದವರೇ ತಮ್ಮ ಇಡೀ ನೌಕರಿಯಲ್ಲಿ ಒಂದು ದಿನ, ಒಂದೇ ದಿನ, ಆ ಪದ ಬರೆದಿದ್ದರು. ಬರೆದದ್ದು ಸುಳ್ಳು ಎಂದು ಅವರಿಗೆ ಗೊತ್ತಿತ್ತು. ಅದನ್ನು ತಿದ್ದಬೇಕೆಂದರೆ ಲಿಖಿತ ಹೇಳಿಕೆ ಕೊಡಬೇಕು. ಕೊಟ್ಟರೆ, ನಿವೃತ್ತಿಗೆ ಕೆಲವೇ ವಾರಗಳಿರುವಾಗ ವಿಚಾರಣೆ ಎದ್ದು ಪಿಂಚಣಿಯ ಕಾಗದಗಳು ನಿಂತುಹೋಗಬಹುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೋದ ಅಕ್ಟೋಬರ್ ಮೂವತ್ತೊಂದಕ್ಕೆ ಅವರು ನಿವೃತ್ತರಾದರು. ಅವರ ಬಗ್ಗೆ ಬರೆಯಲು ಕೂತರೆ ನನ್ನ ಪೆನ್ನು ಆ ಒಂದು ದಿನದ ಸುತ್ತಲೇ ತಿರುಗುತ್ತದೆ. ಆದರೂ ಮೊದಲು ಮನುಷ್ಯನನ್ನು ಪರಿಚಯಿಸುತ್ತೇನೆ.

ಅವರ ಕೆಲಸ ಹೊಳೆಯ ಮಣ್ಣು ಹಿಡಿಯುವುದು. ಐಹೊಳೆಗೂ ಕೂಡಲಸಂಗಮಕ್ಕೂ ನಡುವೆ ಮಲಪ್ರಭೆಗೆ ಒಂದು ಸೇತುವೆ. ದಿನಾ ಬೆಳಿಗ್ಗೆ ಎಂಟಕ್ಕೆ ಅಲ್ಲಿ ನಿಂತು, ಕಬ್ಬಿಣದ ಚೌಕಟ್ಟಿನಲ್ಲಿ ಬಾಟಲಿ ಕೂಡಿಸಿ, ಹಗ್ಗ ಕಟ್ಟಿ ಇಳಿಬಿಟ್ಟು, ತುಂಬಿದ ಮೇಲೆ ಎಳೆದುಕೊಳ್ಳುವುದು. ತಾರೀಖಿನ ಚೀಟಿ ಅಂಟಿಸುವುದು. ಶನಿವಾರ ಏಳು ಬಾಟಲಿಗಳನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಾಗಲಕೋಟೆಗೆ ಬರುವುದು. ವಿದ್ಯಾಗಿರಿಯಲ್ಲಿರುವ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ನಾನು ಆ ನೀರನ್ನು ಸೋಸಿ, ಕಾಗದದ ಮೇಲೆ ಉಳಿದ ಮಣ್ಣನ್ನು ಒಣಗಿಸಿ ತೂಗುತ್ತೇನೆ. ಒಂದು ಲೀಟರಿಗೆ ಇಷ್ಟು ಗ್ರಾಂ. ನನ್ನ ರಜಿಸ್ಟರಿನಲ್ಲಿ ನಾನು ಬರೆದುಕೊಂಡರೆ ಅವರ ರಜಿಸ್ಟರಿನಲ್ಲಿ ಅವರು.

ಆಳು ಎತ್ತರ, ತೆಳ್ಳಗೆ. ಮುಂಗೈ ಮೇಲೆ ಹಗ್ಗ ಉಜ್ಜಿ ಉಜ್ಜಿ ಕೂದಲು ಉಳಿದಿರಲಿಲ್ಲ. ಬಾಟಲಿಯನ್ನು ಕೈಗೆತ್ತಿಕೊಂಡರೆ ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಸುತ್ತು ಅಲುಗಿಸಿ, ತೂಕ ಎಷ್ಟಿರಬಹುದೆಂದು ಬಾಯಲ್ಲೇ ಹೇಳಿಬಿಡುತ್ತಿದ್ದರು. ನಾನೂ ಒಂದು ಅಂದಾಜು ಹೇಳಬೇಕು. ತಕ್ಕಡಿಯ ತೀರ್ಪಿಗೆ ಯಾರು ಹತ್ತಿರವೋ ಅವರು ಗೆದ್ದಂತೆ. ಸೋತವರು ಮಂಡಕ್ಕಿಯ ಗಿರಮಿಟ್ಟು ಕೊಡಿಸಬೇಕು. ಎರಡು ವರ್ಷ ನಾಲ್ಕು ತಿಂಗಳಲ್ಲಿ ಅವರು ಗೆದ್ದದ್ದು ಅರವತ್ತನಾಲ್ಕು ಸಲ, ನಾನು ಒಂಬತ್ತು. ಆ ಒಂಬತ್ತರಲ್ಲಿ ಮೂರು ಅವರಿಗೆ ಕನಿಕರ ಬಂದ ದಿನಗಳು ಎಂಬ ಅನುಮಾನ ನನಗಿದೆ.

ಮಳೆಗಾಲದ ಬಾಟಲಿಗಳು ಥೇಟ್ ಹಾಲು ಹಾಕಿದ ಚಹಾದ ಬಣ್ಣ. ಒಂದು ಶನಿವಾರ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರು ಚೀಲದಲ್ಲಿ ಇಣುಕಿ ಕೇಳಿದ: "ಏನ್ ಕಾಕಾ, ಇಷ್ಟೊಂದು ಚಾ ಯಾರಿಗೆ ಒಯ್ಯಾಕತ್ತೀರಿ?"

"ಬಂಗಾಳ ಕೊಲ್ಲಿಗೆ. ನಡುವ ನಾ ಸ್ವಲ್ಪ ರುಚಿ ನೋಡಾಕ ತಗೊಂಡೇನಿ."

"ಲಗೇಜ್ ತಿಕೀಟ ಹರೀಲೇನ್ರಿ ಮತ್ತ?"

"ಹರಿಯಪ್ಪ. ಆದ್ರ ಬಾಗಲಕೋಟಿಗೆ ಹರೀಬ್ಯಾಡ, ಮಚಲೀಪಟ್ಟಣಕ್ಕ ಹರಿ. ಹೊಳಿ ಸಮುದ್ರಕ್ಕ ಇಳಿಯೂ ಕಡೀ ಸ್ಟಾಪು ಅದ."

ಪಿ.ಯು.ಸಿ.ಗೆ ಓದು ನಿಲ್ಲಿಸಿದ ಮನುಷ್ಯನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ನಾನು ಒಮ್ಮೆ ಕೇಳಿದೆ. ಸೇತುವೆಯ ಮೇಲಿಂದ ಹಗ್ಗ ಬಿಡುವ ಅವರನ್ನು ಕಂಡರೆ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಫೋಟೋ ತೆಗೆಯುವ ಆಸೆ. ಇವರು ಒಂದು ದರ ಇಟ್ಟಿದ್ದರಂತೆ: ಒಂದು ಫೋಟೋಕ್ಕೆ ಒಂದು ಉತ್ತರ. "ನೀವು ಎಷ್ಟ ಬೇಕಾದಷ್ಟ ಫೋಟೋ ಹೊಡೀರಿ. ಪ್ರತಿ ಸಲ ನಾ ಒಂದು ಪ್ರಶ್ನಿ ಕೇಳ್ತೇನಿ." ಒಂದು ಹುಡುಗಿ ಅವರದು ಹದಿನೇಳು ಫೋಟೋ ತೆಗೆದಿದ್ದಳಂತೆ. "ಆಕೀ ಕಡಿಂದ ಅರ್ಧ ಸಮುದ್ರ ಕಲತೆ," ಎನ್ನುತ್ತಿದ್ದರು.

ಆ ಅರ್ಧ ಸಮುದ್ರವನ್ನು ಅವರು ನನಗೆ ದಾಟಿಸಿದ್ದು ಒಂದು ಸೀರೆಯ ಮೂಲಕ. ಅವರು ಇಳಕಲ್ಲಿನ ನೇಕಾರರ ಮನೆಯವರು. ಕುಣಿಮಗ್ಗದ ಸದ್ದಿನಲ್ಲಿ ಬೆಳೆದವರು. ಅಂದು ಯಾವುದೋ ಹಬ್ಬವೆಂದು ನಾನು ಅವ್ವನ ಇಳಕಲ್ ಸೀರೆ ಉಟ್ಟು ಬಂದಿದ್ದೆ. ಬಾಟಲಿ ಸೋಸುತ್ತ, "ಕಾಕಾ, ಈ ಮಣ್ಣೆಲ್ಲ ಕಡೀಕ ಏನಾಗ್ತೈತ್ರಿ?" ಎಂದೆ.

"ಸೆರಗ ಹಿಡಿ," ಎಂದರು.

ಹಿಡಿದೆ.

"ಒಡಲು ನೂಲು, ಸೆರಗು ರೇಷ್ಮಿ. ಹೌದಲ್ಲೊ? ಎರಡೂ ಒಂದ ಹಾಸಿನವಲ್ಲ. ಒಡಲಿನ ಎಳಿಗೆ ಸೆರಗಿನ ಎಳಿ, ಒಂದಕ್ಕ ಒಂದು ಕೊಂಡಿ ಹಾಕಿ ಕೂಡಸ್ತೇವಿ. ನಮ್ಮವ್ವ ಕಣ್ಣ ಮುಚ್ಚಿ ಹಾಕ್ತಿದ್ದಳು. ನೆಲಾನೂ ಹಂಗ ಯವ್ವಾ. ನಮ್ಮ ಇಳಕಲ್ಲಿನ ಕೆಂಪ ಕಲ್ಲು ನೋಡೀಯಲ್ಲಾ, ಅಂಥಾ ಕಲ್ಲಿನ ನೆಲ ಸಮುದ್ರದ ದಂಡಿಗೆ ಮುಗಿಯೂದಿಲ್ಲ. ನೀರಿನ ಕೆಳಗ ಮುಂದ ಹೋಗ್ತೈತಿ. ಹೋಗಿ ಹೋಗಿ ಒಂದ ಕಡೆ ತೀರ್ತೈತಿ. ಅಲ್ಲಿಂದ ಮುಂದ ಸಮುದ್ರದ ತಳದ ಕಲ್ಲು ಬ್ಯಾರೆ. ಕರೀದು, ಭಾಳ ಒಜ್ಜಿ. ಎರಡಕ್ಕೂ ಅಲ್ಲಿ ಕೊಂಡಿ."

"ನೋಡಿದವರು ಅದಾರೇನ್ರಿ ಆ ಕೊಂಡಿ?"

"ಕಣ್ಣಿಗೆ ಹೆಂಗ ಕಾಣಬೇಕು? ಹೊಳಿ ಅದರ ಮ್ಯಾಲ ಮಣ್ಣು ಹೊಚ್ಚೈತಿ. ಕೋಟಿ ಕೋಟಿ ವರ್ಷದ ಮಣ್ಣು."

ಶಾಲೆಯ ಪುಸ್ತಕದಲ್ಲಿ ಅದಕ್ಕೆ ಖಂಡಾವರಣ ಎಂಬ ಹೆಸರಿದೆ. ನಾನು ಅದನ್ನು ಎರಡು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡಿದ್ದೆ. ಅವರ ಬಾಯಲ್ಲಿ ಅದು ನೆಲದ ಸೆರಗು. ಒಂದಾನೊಂದು ಕಾಲಕ್ಕೆ ನಮ್ಮ ನೆಲ ದಕ್ಷಿಣದ ಹಿಮದ ನೆಲಕ್ಕೆ ಅಂಟಿಕೊಂಡಿತ್ತು, ಆಮೇಲೆ ಹರಿದು ಬೇರೆಯಾಯಿತು. ಹರಿದ ಅರಿವೆಯ ಅಂಚು ಹೇಗೆ ಪಿಸಿದು ಜೋತುಬೀಳುತ್ತದೋ ಹಾಗೆ ನೆಲದ ಅಂಚೂ ತೆಳ್ಳಗಾಗಿ ಕೆಳಗೆ ಜಗ್ಗಿತು. ಆ ಹರಿದ ಅಂಚಿಗೆ ಹೊಳೆಗಳು ಸೆರಗು ನೇಯಲು ಕೂತವು. ಹೊಳೆ ಸಮುದ್ರ ಮುಟ್ಟಿದ ಕೂಡಲೇ ಅದರ ಓಟ ತಗ್ಗುತ್ತದೆ. ದಪ್ಪ ಉಸುಕು ಬಾಗಿಲಲ್ಲೇ ಬೀಳುತ್ತದೆ, ಸಣ್ಣದು ಸ್ವಲ್ಪ ಮುಂದೆ, ಹಿಟ್ಟಿನಂಥ ಗೋಡು ಮಣ್ಣು ಎಲ್ಲಕ್ಕಿಂತ ದೂರ. ಹೀಗೆ ಬಿದ್ದು ಬಿದ್ದು ದಂಡೆಯಿಂದಾಚೆ ನೀರೊಳಗೆ ಒಂದು ಅಗಲವಾದ ಕಟ್ಟೆಯಾಗುತ್ತದೆ. ಕಟ್ಟೆಯ ತುದಿಗೆ ಹೆಚ್ಚು ಮಣ್ಣು ಕೂಡಿದಾಗ ಅದು ಜಾರಿ ಆಳಕ್ಕೆ ಉರುಳುತ್ತದೆ; ಉರುಳಿದ್ದೇ ಮುಂದಿನ ಕಟ್ಟೆಗೆ ಬುನಾದಿ. ಸಮುದ್ರ ಹಿಂದೆ ಸರಿದ ಕಾಲದಲ್ಲಿ ಹೊಳೆ ಕಟ್ಟೆಯ ಮೇಲೆಯೇ ಹರಿದು ತುದಿಗೇ ಹೋಗಿ ಮಣ್ಣು ಸುರಿಯುತ್ತದೆ. ಸಮುದ್ರ ಮುಂದೆ ಬಂದಾಗ ಹಿಂದಕ್ಕೆ ಬಂದು ಸುರಿಯುತ್ತದೆ. ಹೀಗೆ ಹಿಂದೆ ಮುಂದೆ, ಹಿಂದೆ ಮುಂದೆ, ಲಾಳಿ ಓಡಾಡಿದ ಹಾಗೆ.

"ಹಂಗಾರ ಒಂದಿನ ತುಂಬಿ ಹೋಗಬೇಕಲ್ರಿ ಸಮುದ್ರ?" ಎಂದೆ. ಬುದ್ಧಿವಂತ ಪ್ರಶ್ನೆ ಎಂದು ನನಗೇ ಅನ್ನಿಸಿತ್ತು.

"ನಿಮ್ಮ ಮನ್ಯಾಗ ಹೊರಸು ಐತೇನು? ಹಗ್ಗದಾಗ ಹೆಣದ ನುಲಿ ಹೊರಸು?"

"ಐತ್ರಿ. ಅಜ್ಜಂದು."

"ಅದರ ಮ್ಯಾಲ ಒಂದು ಜ್ವಾಳದ ಚೀಲ ಇಡು. ಹೊರಸು ತಗ್ಗತೈತಿ. ತಗ್ಗಿದಷ್ಟು ಮತ್ತ ಜಾಗ ಆತು. ಇನ್ನೊಂದು ಚೀಲ ಇಡು. ಮತ್ತ ತಗ್ಗತೈತಿ. ಸಮುದ್ರದ ತಳಾನೂ ನುಲಿ ಹೊರಸು ಇದ್ದಂಗ. ಮಣ್ಣು ಬಿದ್ದಷ್ಟೂ ಕುಸೀತೈತಿ, ಕುಸಿದಷ್ಟೂ ಮತ್ತ ಹಿಡಿಸ್ತೈತಿ. ಹಂಗಾಗಿ ಮ್ಯಾಲ ನೀರು ಆಳ ಇಲ್ಲ, ಕೆಳಗ ಮಣ್ಣು ಮಾತ್ರ ಕಿಲೋಮೀಟರ್‌ಗಟ್ಟಲೆ."

ಆ ಸಂಜೆ ನಾನು ಅಜ್ಜನ ಹೊರಸಿನ ಮೇಲೆ ನಿಜಕ್ಕೂ ಎರಡು ಚೀಲ ಇಟ್ಟು ನೋಡಿದೆ. ಮೊದಲನೆಯದಕ್ಕೆ ಮೂರು ಬೆರಳು ತಗ್ಗಿತು, ಎರಡನೆಯದಕ್ಕೆ ಎರಡು. ಅಜ್ಜ ಬೈದದ್ದನ್ನು ಮೇಲಿನ ಹನ್ನೊಂದರಲ್ಲಿ ಸೇರಿಸಿಲ್ಲ.

ಆಣೆಕಟ್ಟುಗಳ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ. "ಮೊದಲ ಗೋಡು ಮಣ್ಣಿಗೆ ಎಕ್ಸ್‌ಪ್ರೆಸ್ ಇತ್ತು, ಈಗ ಶಟಲ್ ಆಗೈತಿ," ಎನ್ನುತ್ತಿದ್ದರು. "ನಾರಾಯಣಪುರದಾಗ ಹಾಲ್ಟು, ಶ್ರೀಶೈಲದಾಗ ಹಾಲ್ಟು, ನಾಗಾರ್ಜುನಸಾಗರದಾಗ ಹಾಲ್ಟು. ತಡಾ ಆಗ್ತೈತಿ. ಆದ್ರ ಹೊಳಿಗೆ ಕೈಗಡಿಯಾರ ಎಲ್ಲೈತಿ?"

ಬಾದಾಮಿಗೆ ನಾವು ಪ್ರಯೋಗಾಲಯದವರೆಲ್ಲ ಫೆಬ್ರುವರಿಯ ಒಂದು ಭಾನುವಾರ ಹೋಗಿದ್ದೆವು. ಎಲ್ಲರೂ ಗುಹೆಯೊಳಗೆ ಕೈ ಮುಗಿಯುತ್ತಿದ್ದರೆ ಇವರು ಹೊರಗೆ ಬಂಡೆಗೆ ಕೆನ್ನೆ ಹಚ್ಚಿ ನಿಂತಿದ್ದರು. ಕೆಂಪು ಬಂಡೆಯಲ್ಲಿ ಓರೆ ಓರೆಯಾಗಿ ಗೆರೆಗಳಿದ್ದವು. ಅಲ್ಲೇ ಒಬ್ಬ ಗೈಡು, ರಾಜನ ಕಾಲದ ಶಿಲ್ಪಿಗಳು ಉಳಿಗೆ ಸಾಣೆ ಹಿಡಿದ ಗೆರೆ ಅವು ಎಂದು ಪ್ರವಾಸಿಗರಿಗೆ ಹೇಳುತ್ತಿದ್ದ. ಇವರು ಹತ್ತಿರ ಹೋಗಿ ಮೆಲ್ಲಗೆ, "ತಮ್ಮಾ, ಸಾಣಿ ಹಿಡದದ್ದು ಖರೆ. ಆದ್ರ ಹಿಡದದ್ದು ನೀರು," ಎಂದರು. "ಇದು ಹಳೇ ಹೊಳಿ ಉಸುಕು. ಮನುಷ್ಯಾ ಇಲ್ಲದಾಗಿನ ಹೊಳಿ, ಮೀನಾ ಇಲ್ಲದಾಗಿನ ಹೊಳಿ. ಗೆರಿ ಎತ್ತಾಗ ಇಳದಾವೋ ನೋಡು, ನೀರು ಅತ್ತಾಗ ಹರದಿತ್ತು."

ಗೈಡು ಸ್ವಲ್ಪ ಹೊತ್ತು ಗೆರೆ ನೋಡಿದ. "ಹೊಳಿ ಹೆಸರೇನ್ರಿ ಅಜ್ಜಾರ?"

"ಹೆಸರಿಡಾಕ ಆವಾಗ ಯಾರಿದ್ರಪಾ?"

ಮುಂದಿನ ತಂಡಕ್ಕೆ ಅವನು ಎರಡೂ ಕಥೆ ಹೇಳಿದ. ಮೊದಲು ಹೊಳೆಯದು, ಆಮೇಲೆ ಶಿಲ್ಪಿಗಳದು. ಅವರಿಗೆ ಅಷ್ಟೇ ಸಾಕಾಗಿತ್ತು.

ಈಗ ಆ ದಿನಕ್ಕೆ ಬರುತ್ತೇನೆ.

ಹಳೆಯ ರಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಖ್ಯ ಕಚೇರಿಗೆ ಕಳಿಸಬೇಕೆಂದು ಈ ವರ್ಷ ಆದೇಶ ಬಂತು. ಏರಿಸಿದ ಮೇಲೆ ಕಾಗದದ ರಜಿಸ್ಟರುಗಳು ವಿಲೇವಾರಿ. ಅವರ ರಜಿಸ್ಟರುಗಳು ಇಪ್ಪತ್ತೆರಡು; ಟೈಪು ಮಾಡುವವಳು ನಾನು. ಸಾವಿರಾರು ಸಾಲುಗಳಲ್ಲಿ ಎಲ್ಲಿಯೂ ಆ ಪದ ಇರಲಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ ತಿಂಗಳುಗಟ್ಟಲೆ ಒಂದೇ ಅಂಕಿ ಇರುವಾಗಲೂ ಪ್ರತಿ ಸಾಲಿನಲ್ಲಿ ಅಂಕಿಯನ್ನೇ ಬರೆದಿದ್ದರು. ಸೆಪ್ಟೆಂಬರ್ ಹದಿನಾರು, ಮಂಗಳವಾರ, ಹತ್ತೊಂಬತ್ತನೆಯ ರಜಿಸ್ಟರಿನಲ್ಲಿ ಅದು ಸಿಕ್ಕಿತು. ಆರು ವರ್ಷಗಳ ಹಿಂದಿನ ಶ್ರಾವಣದ ಒಂದು ಗುರುವಾರ. ನೀಲಿ ಶಾಯಿ, ಸ್ವಲ್ಪ ಚಿಕ್ಕ ಅಕ್ಷರ: 'ಮೇಲಿನಂತೆ'.

ಶನಿವಾರ ಅವರು ಬಂದಾಗ ನಾನು ಕುಣಿಯುವುದೊಂದು ಬಾಕಿ. "ಕಾಕಾ, ಸಿಕ್ಕಿಬಿದ್ರಿ! ನನಗ ಒಂಬತ್ತ ಸಲ ಬೈದೀರಿ. ಇದೇನ್ರಿ ಇದು? ಗಿರಮಿಟ್ ಕೊಡಸ್ರಿ ಇವತ್ತ!"

ಅವರು ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಸಾಲನ್ನು ನೋಡಿದರು. "ಇದನ್ನ ಇನ್ನೂ ಏರಸಬ್ಯಾಡ," ಎಂದರು.

ಆಮೇಲೆ ಹೇಳಿದರು. ಅಂದು ಇಳಕಲ್ಲಿನಲ್ಲಿ ಅವರ ತಂಗಿಯ ಮಗಳ ಮದುವೆ. ಸೋದರಮಾವ ಕೈ ಹಿಡಿದು ಮಂಟಪಕ್ಕೆ ಕರೆತರದೆ ಅಕ್ಕಿಕಾಳು ಬೀಳುವುದಿಲ್ಲ. ಮುಹೂರ್ತ ಬೆಳಿಗ್ಗೆ ಒಂಬತ್ತೂವರೆಗೆ. ಎಂಟರ ಬಾಟಲಿಯನ್ನು ಸಂಜೆ ವಾಪಸು ಬಂದು ತೆಗೆದರಾಯಿತು, ಹೊಳೆ ಎಲ್ಲಿ ಹೋಗುತ್ತದೆ ಎಂದು ಅವರು ನಸುಕಿನ ಬಸ್ಸಿಗೇ ಹೋಗಿಬಿಟ್ಟರು. ಅಕ್ಕಿಕಾಳು ಬಿತ್ತು. ಹುಗ್ಗಿ ಬಡಿಸುವ ಹೊತ್ತಿಗೆ ಮಲಪ್ರಭೆ ಸೇತುವೆಯ ಮೇಲೆ ಹತ್ತಿತ್ತು. ಬಸ್ಸು ಬಂದ್, ದಾರಿ ಬಂದ್. ಎರಡು ಮೈ‌ಲು ದೂರದಲ್ಲೇ ಪೊಲೀಸರು ನಿಲ್ಲಿಸಿದರು. ಮರುದಿನ ಮಧ್ಯಾಹ್ನ ಅವರು ಸೇತುವೆ ಮುಟ್ಟಿದಾಗ ನೀರು ಇಳಿದಿತ್ತು, ಕಟಾಂಜನದ ಕಂಬಿಗಳ ಮೇಲೆ ಗೋಡು ಮೆತ್ತಿತ್ತು. ಹೆದರಿಕೆಗೋ ನಾಚಿಕೆಗೋ, ಶನಿವಾರ ತೂಕಗಳನ್ನು ಬರೆದುಕೊಳ್ಳುವಾಗ ಗುರುವಾರದ ಸಾಲಿನಲ್ಲಿ ಆ ಪದ ಬರೆದರು. ಆ ವಾರ ಆರೇ ಬಾಟಲಿ ಬಂದದ್ದನ್ನು ಆಗ ಪ್ರಯೋಗಾಲಯದಲ್ಲಿದ್ದವರು ಕೇಳಲಿಲ್ಲ. ಪ್ರವಾಹದಲ್ಲಿ ಒಂದು ಒಡೆದಿರಬೇಕು ಎಂದುಕೊಂಡರು.

"ಕಾಕಾ," ಎಂದೆ, "ನೀವ ಹೇಳ್ತೀರಿ, ಕೋಟಿ ಕೋಟಿ ವರ್ಷದ ಕೆಲಸ ಅಂತ. ಅದರಾಗ ಒಂದು ದಿನ ಏನ್ರಿ?"

"ಅಲ್ಲೇ ತಪ್ಪತಿ ನೀ. ವರ್ಷದಾಗ ಮುನ್ನೂರ ದಿನ ಹೊಳಿ ಬರೇ ನೀರು ಹೊರತೈತಿ. ಮಣ್ಣು ಹೊರೂದು ನಾಕ ದಿನ. ಸೆರಗು ನೇದದ್ದು ಆ ನಾಕ ದಿನ. ನಾ ಬಿಟ್ಟದ್ದು ಅದರಾಗಿಂದು ಒಂದು. ಆ ವರ್ಷದ ಲೆಕ್ಕದಾಗ ಹೊಳೀನ ಇಲ್ಲದಂಗ ಮಾಡೇನಿ ನಾ."

ನಮ್ಮ ಸಾಹೇಬರು ಒಳ್ಳೆಯವರು, ಮೂವತ್ತೈದರ ಹರೆಯದ ಎಂಜಿನಿಯರು. ಕಾಕಾ ತಾವೇ ಹೋಗಿ ಹೇಳಿದ್ದನ್ನು ಕೇಳಿ ಗಾಬರಿಯಾದರು. "ಬಿಡ್ರಿ ಕಾಕಾ. ಇನ್ನ ಒಂದ್ ತಿಂಗಳ ಉಳದೈತಿ ನಿಮ್ದು. ನೀವು ಬರದ ಕೊಟ್ರ ನಾ ಮ್ಯಾಲ ಕಳಸಬೇಕಾಗ್ತೈತಿ, ಅವರು ಪಿಂಚಣಿ ಫೈಲ್ ಹಿಡೀತಾರ. ಸುಮ್ನ ಹಿಂದಿನ ದಿನದ್ದು ಮುಂದಿನ ದಿನದ್ದು ಕೂಡಿಸಿ ಸರಾಸರಿ ಹಾಕಿಬಿಡೂಣು."

"ಸಾಹೇಬ್ರ, ಮದುವಿ ಹಿಂದಿನ ದಿನ ಮನ್ಯಾಗ ಹತ್ತು ಮಂದಿ ಉಂಡ್ರು. ಮದುವಿ ಮರುದಿನಾನೂ ಹತ್ತು ಮಂದಿ ಉಂಡ್ರು. ಸರಾಸರಿ ತಗದು ಮದುವಿ ದಿನಾನೂ ಹತ್ತ ಎಲಿ ಹಾಕಿದ್ರ ಬೀಗರು ಸುಮ್ನ ಬಿಡ್ತಾರೇನ್ರಿ?"

ಸಾಹೇಬರು ನಕ್ಕರು, ಆದರೆ ಎಂಜಿನಿಯರಾಗಿಯೇ ಕೇಳಿದರು: "ಆತ್ರಿ, ಇದು ಸುಳ್ಳು. ಖರೇದು ಏನು ಬರೀತೀರಿ ಅಲ್ಲಿ?"

ಅವರು ಆ ರಜಿಸ್ಟರನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೊರಟರು. ಮುಂದಿನ ಮೂರು ಶನಿವಾರ ಅವರು ಪಣ ಕಟ್ಟಲಿಲ್ಲ. ಒಮ್ಮೆ ನಾನು ಹುನಗುಂದದ ಅವರ ಮನೆಗೆ ರಜಿಸ್ಟರು ತರಲು ಹೋಗಿದ್ದೆ. ಅವರ ಮನೆಯವರು ನನ್ನ ಮುಂದೆ ರೊಟ್ಟಿ, ಹಿಂಡಿ ಪಲ್ಯ ಇಡುತ್ತ, ಅವರಿಗೆ ಕೇಳುವ ಹಾಗೆ ಹೇಳಿದರು: "ನೋಡ ಮಗಳ, ಇಷ್ಟ ವರ್ಷ ಹೊಳಿ ಮಣ್ಣು ತೂಗಿದ್ರು. ಈಗ ಅದನ್ನ ತಮ್ಮ ತಲೀ ಮ್ಯಾಲ ಹಾಕ್ಕೊಳಾಕ ಹೊಂಟಾರ."

"ತಲಿ ಮ್ಯಾಲ ಅಲ್ಲಬೇ, ರಜಿಸ್ಟರ್ ಮ್ಯಾಲ," ಎಂದರು ಅವರು ಒಳಗಿನಿಂದ.

"ಪಿಂಚಣಿ ನಿಂತ್ರ ರಜಿಸ್ಟರ್ ಹುರದು ತಿನ್ನೂಣೇನು?"

ಅಕ್ಟೋಬರ್ ಹನ್ನೆರಡು, ಭಾನುವಾರ, ಅವರು ಫೋನು ಮಾಡಿ ಸೇತುವೆಗೆ ಬರಲು ಹೇಳಿದರು. "ಸ್ಕೇಲ್ ತಗೊಂಡ ಬಾ. ಹಳೇ ಚಪ್ಪಲಿ ಹಾಕ್ಕೊಂಡ ಬಾ."

ಸೇತುವೆಯಿಂದ ಸ್ವಲ್ಪ ಕೆಳಗೆ ದಂಡೆಯ ಹೊಲ ಒಬ್ಬ ಗಟ್ಟಿ ಹೆಂಗಸಿನದು. ಅವಳ ಹೊಲದ ಬದುವಿನಾಚೆ, ನೇಗಿಲು ತಾಗದ ಹುಲ್ಲಿನ ಜಾಗದಲ್ಲಿ, ಅವರು ಆಗಲೇ ಮೊಣಕಾಲುದ್ದ ಗುಂಡಿ ತೋಡಿದ್ದರು. ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನ್ ಹುಗದಿಟ್ಟಿದ್ರಿ ಕಾಕಾ? ಬಂಗಾರ ಸಿಕ್ಕರ ಅರ್ಧ ನಂದು, ಮೊದಲ ಹೇಳತೇನಿ."

"ಒಂದು ಗುರುವಾರ ಹುಗದಿತ್ತವಾ. ಸಿಕ್ಕರ ಅರ್ಧ ನಿನಗ."

ಗುಂಡಿಯ ಒಂದು ಗೋಡೆಯನ್ನು ಕುರ್ಪಿಯಿಂದ ಬೆಣ್ಣೆ ಕೊಯ್ದಂತೆ ನುಣುಪಾಗಿ ಕೊಯ್ದಿದ್ದರು. ನೋಡಿದರೆ ಪದರ ಪದರ. ಮೇಲಿನವೆಲ್ಲ ಉಗುರಿನಷ್ಟು ತೆಳು. ಒಂದೊಂದು ಮಳೆಗಾಲಕ್ಕೆ ಒಂದೊಂದು. ಅವುಗಳ ಕೆಳಗೆ ಒಂದು ಮಾತ್ರ ದಪ್ಪ ಪದರ. ತಳದಲ್ಲಿ ದಪ್ಪ ಉಸುಕು, ಮೇಲೆ ಹೋದಂತೆ ಸಣ್ಣದು, ನೆತ್ತಿಯಲ್ಲಿ ಹಿಟ್ಟಿನಂಥ ಗೋಡು. ರಭಸದಲ್ಲಿ ಬಂದು, ನಿಂತು, ಇಳಿದುಹೋದ ನೀರು ತನ್ನ ಇಡೀ ದಿನಚರಿಯನ್ನು ಒಂದೇ ಪದರದಲ್ಲಿ ಬರೆದಿಟ್ಟಿತ್ತು.

"ಇದು ಅದ ದಿನದ್ದು ಅಂತ ಹೆಂಗ ಹೇಳ್ತೀರಿ?" ಎಂದೆ.

ಅವರು ಕುರ್ಪಿಯ ತುದಿಯಿಂದ ದಪ್ಪ ಪದರದ ಬುಡದಲ್ಲಿ ಕೆದಕಿದರು. ಗುಟ್ಕಾ ಚೀಟಿಯೊಂದು ಹೊರಬಂತು. ಉಗುರಿನಿಂದ ಉಜ್ಜಿದರೆ ತಯಾರಾದ ತಿಂಗಳು ಕಾಣಿಸಿತು: ಅದೇ ವರ್ಷದ ಜೂನ್. "ಹಳೇ ಕಲ್ಲಿನಾಗ ಕಪ್ಪಿಚಿಪ್ಪು ನೋಡಿ ಕಾಲ ಹೇಳ್ತಾರ. ನಮ್ಮ ಕಾಲಕ್ಕ ಕಪ್ಪಿಚಿಪ್ಪು ಇದ," ಎಂದರು.

ಹೆಂಗಸು ಬಗ್ಗಿ ನೋಡಿದಳು. "ಇದಕ್ಯಾಕ ಚೀಟಿ ಬೇಕ್ರಿ? ನಾ ಹೇಳೂದಿಲ್ಲೇನು? ಇದು ಆ ಗುರುವಾರದ ಗೋಡ. ಮುಂಜಾನಿ ಮೊಣಕಾಲ ಇತ್ತು, ಸಂಜೀಕ ನನ್ನ ಗುಡಿಸಲಾ ಕಾಣಲಿಲ್ಲ. ಹಿಂದಿನ ದಿನಾ ಇಲ್ಲ, ಮರುದಿನಾ ಇಲ್ಲ, ಅವತ್ತೊಂದ ದಿನ ಏರಿದ್ದು ಹೊಲಕ್ಕ. ಆ ವರ್ಷ ಇದರಾಗ ಹಾಕಿದ ಉಳ್ಳಾಗಡ್ಡಿ ಒಂದೊಂದು ಒಂದ ಕೈಯಾಗ ಹಿಡಸ್ತಿರಲಿಲ್ಲ. ನೀವು ಎಲ್ಲಿದ್ರಿ ಕಾಕಾ ಅವತ್ತ? ಸೇತುವಿ ಮ್ಯಾಲ ಕಾಣಲೇ ಇಲ್ಲ."

"ಮದುವಿಗೆ ಹೋಗಿದ್ದೆ," ಎಂದರು.

ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೆ ಕೇಳಿದವಳು ಅವಳೊಬ್ಬಳೇ.

ಅವರು ಬೆರಳು ಮಡಿಸಿ ಅಳೆದರು: ನಾಲ್ಕು ಬೆರಳು. ನಾನು ಸ್ಕೇಲು ಹಿಡಿದೆ: ಏಳು ಸೆಂಟಿಮೀಟರು, ಎರಡು ಮಿಲಿಮೀಟರು. "ಇದರಿಂದ ಲೀಟರಿಗೆ ಎಷ್ಟು ಗ್ರಾಂ ಅಂತ ತಗೀಬಹುದೇನ್ರಿ?"

"ಬರೂದಿಲ್ಲ. ಇದು ದಂಡಿಗೆ ಬಿಟ್ಟ ಹೋದದ್ದು. ಒಯ್ದದ್ದು ಎಷ್ಟು ಅಂತ ಬಾಟಲಿ ಒಂದ ಹೇಳ್ತಿತ್ತು. ಬಾಟಲಿ ಇಲ್ಲ." ಗುಂಡಿಯಿಂದ ಮೇಲೆ ಬಂದು ಕೈ ಕೊಡವಿಕೊಂಡರು. "ಆದ್ರ ಇಲ್ಲಿ ಹೊಳಿ ಬಂದಿತ್ತು ಅಂತ ಆತಲ್ಲ."

ಮರುದಿನ ಅವರು ಲಿಖಿತ ಹೇಳಿಕೆ ಕೊಟ್ಟರು. ಒಂದೇ ಪುಟ. ಮದುವೆ, ಬಸ್ಸು, ಪೊಲೀಸರು ಯಾವುದನ್ನೂ ನೆಪವಾಗಿ ಹೇಳಿರಲಿಲ್ಲ. ನಾನು ಎರಡು ಒತ್ತಕ್ಷರ ಮಾತ್ರ ತಿದ್ದಿದೆ. ಸಾಹೇಬರು ಅದನ್ನು ಮೇಲೆ ಕಳಿಸಿದರು. ಪಿಂಚಣಿಯ ಫೈಲು ನಿಂತಿತು. ಹದಿನೆಂಟು ದಿನ ಏನೂ ಬರಲಿಲ್ಲ. ಅವರು ಮಾತ್ರ ಮತ್ತೆ ಪಣ ಕಟ್ಟಲು ಶುರುಮಾಡಿದರು. ಆ ದಿನಗಳಲ್ಲಿ ನಾನು ಒಂದು ಸಲವೂ ಗೆಲ್ಲಲಿಲ್ಲ.

ಇತ್ತ ನನಗೆ ಬೇರೆಯೇ ತೊಡಕು. ಆ ಸಾಲಿನ ತೂಕದ ಮನೆಯನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುತ್ತಿರಲಿಲ್ಲ. ಮುಖ್ಯ ಕಚೇರಿಗೆ ಫೋನು ಮಾಡಿದೆ. "ಸೊನ್ನೆ ಹಾಕಿ ಮೇಡಂ," ಎಂದರು ಆ ಕಡೆಯವರು.

ಕಾಕಾ ಪಕ್ಕದಲ್ಲೇ ಇದ್ದರು. "ಬ್ಯಾಡ," ಎಂದರು. "ಸೊನ್ನಿ ಅಂದ್ರ ಹೊಳಿ ಸ್ವಚ್ಛ ಹರೀತು ಅಂತ. ಖಾಲಿ ಅಂದ್ರ ನೋಡಾಂವ ಇರಲಿಲ್ಲ ಅಂತ. ಎರಡೂ ಒಂದ ಅಲ್ಲ ಯವ್ವಾ."

ಮೂರು ದಿನ ತಡಕಾಡಿದ ಮೇಲೆ ಗೊತ್ತಾಯಿತು: ಪಕ್ಕದ 'ಷರಾ' ಎಂಬ ಮನೆಯಲ್ಲಿ ಕಾರಣ ಬರೆದರೆ ಅದು ಖಾಲಿಯನ್ನೂ ಒಪ್ಪುತ್ತದೆ. ಇಪ್ಪತ್ತೆರಡು ರಜಿಸ್ಟರಿನ ಎಲ್ಲ ಸಾಲುಗಳನ್ನೂ ಏರಿಸಿ ಅದೊಂದನ್ನು ಉಳಿಸಿಕೊಂಡೆ. ಕಾರಣ ಬರೆಯಬೇಕಾದವಳು ನಾನಲ್ಲ.

ಮೂವತ್ತೊಂದನೆಯ ತಾರೀಖು, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ ಮೇಲಿನಿಂದ ಉತ್ತರ ಬಂತು: ಎಚ್ಚರಿಕೆ ಕೊಟ್ಟು ಬಿಡುವುದು, ಪಿಂಚಣಿಗೆ ಅಡ್ಡಿಯಿಲ್ಲ. ಹನ್ನೆರಡಕ್ಕೆ ಸಾಹೇಬರು ಅವರಿಗೆ ಎಚ್ಚರಿಕೆಯ ಮೆಮೊ ಕೊಟ್ಟರು. ಮಧ್ಯಾಹ್ನ ಮೂರಕ್ಕೆ ಅದೇ ಕೈಯಿಂದ ಶಾಲು ಹೊದಿಸಿದರು. ನಾವೆಲ್ಲ ಸೇರಿ ಮಾಡಿಸಿದ್ದ ಗಾಜಿನ ಚೌಕಟ್ಟಿನ ಮಾನಪತ್ರವನ್ನು ಓದಿದವಳು ನಾನು. ಅದನ್ನು ಅಚ್ಚಿಗೆ ಕೊಟ್ಟದ್ದು ಆಗಸ್ಟಿನಲ್ಲಿ. 'ಒಂದು ದಿನವೂ ತಪ್ಪದೆ ಸೇವೆ ಸಲ್ಲಿಸಿದ' ಎಂಬಲ್ಲಿಗೆ ಬಂದಾಗ ನನ್ನ ನಾಲಿಗೆ ತಡವರಿಸಿತು. ಅವರು ಎದ್ದು ಬಂದು, ಬಾಟಲಿಗೆ ಚೀಟಿ ಬರೆಯುವ ಮಾರ್ಕರನ್ನು ಜೇಬಿನಿಂದ ತೆಗೆದು, ಗಾಜಿನ ಮೇಲೆಯೇ 'ವೂ' ಹೊಡೆದುಹಾಕಿ, 'ತಪ್ಪದೆ'ಯನ್ನು 'ತಪ್ಪಿ' ಮಾಡಿದರು. "ಈಗ ಓದು," ಎಂದರು. 'ಒಂದು ದಿನ ತಪ್ಪಿ ಸೇವೆ ಸಲ್ಲಿಸಿದ' ಎಂದು ಓದಿದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರ ಮನೆಯವರು.

ನಾಲ್ಕೂವರೆಗೆ, ಶಾಲು ಇನ್ನೂ ಹೆಗಲ ಮೇಲಿರುವಾಗಲೇ, ಅವರು ನನ್ನ ಮೇಜಿಗೆ ಬಂದು ಕೂತರು. ನಾನು ಆ ಸಾಲು ತೆರೆದೆ. ತೂಕದ ಮನೆ ಖಾಲಿ, ಪಕ್ಕದಲ್ಲಿ ಷರಾ.

"ಏನ್ ಬರೀಲ್ರಿ ಕಾಕಾ?"

ಅವರು ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಪದ ಹೇಳಿದರು. ನಾನು ಟೈಪು ಮಾಡಿದೆ: 'ಈ ದಿನ ನಾನು ಇರಲಿಲ್ಲ. ಹೊಳೆ ಇತ್ತು. ದಂಡೆಯ ಮೇಲೆ ಗೋಡು ನಾಲ್ಕು ಬೆರಳು.'

'ಉಳಿಸು' ಒತ್ತಿದೆ. ಪರದೆಯ ಮೇಲೆ ಸಣ್ಣ ಚಕ್ರ ಸ್ವಲ್ಪ ಹೊತ್ತು ತಿರುಗಿ ನಿಂತಿತು.

"ಉಳೀತೇನು?" ಎಂದರು.

"ಉಳೀತ್ರಿ."